ಬಾಯಿಗೆ ಬಾರದ ಏಕವಚನ

ಮಸ್ಕತ್ತಿನಿಂದ ಬಂದರು ಪಟ್ಟಣ ದುಕ್ಮ್‌ವರೆಗೆ ಬಸ್ಸಿನಲ್ಲಿ ಕುಳಿತು ನನ್ನ ಸೊಂಟ ಸೋತಿತ್ತು. ಊಟದ ಹೊತ್ತು ಮೀರಿದ್ದು ಬೇರೆ. ಅಕ್ಕನ ಮಗ ದಿನಕರ ತನ್ನ ಕಂಪನಿಯ ಕ್ಯಾಂಟೀನಿಗೆ ಕರೆದೊಯ್ದ. ಅವನಿಗೆ ಮಾತ್ರ ಅನ್ನ ಇಳಿಯಲಿಲ್ಲ.

ಅವನ ಮೇಲಧಿಕಾರಿ ಇಟಲಿಯ ಹಿರಿಯ ಹೆಂಗಸು. ಹಳೆಯ ಪುಸ್ತಕವೊಂದರಿಂದ ಕಲಿತ ಇಟಾಲಿಯನ್ನಿನಲ್ಲಿ ಇವನು ಅವರೊಡನೆ ಮಾತಾಡುತ್ತಾನೆ. ಆ ಭಾಷೆಯಲ್ಲಿ 'ತು' ಎಂದರೆ ನೀನು. ನಮ್ಮ ಕಿವಿಗೆ ಒರಟಾಗಿ ಕೇಳುವ 'ಲೇಯಿ' ಗೌರವದ ನೀವು. ಹಿಂದೆ ಹೆತ್ತವರನ್ನೂ ಬಹುವಚನದಲ್ಲಿ ಕರೆಯುತ್ತಿದ್ದ ಜನ ಈಗ ಕಚೇರಿಯಲ್ಲಿ ಮೊದಲ ದಿನವೇ 'ತು' ಎನ್ನುತ್ತಾರಂತೆ. ಆಕೆ ಎಷ್ಟು ಹೇಳಿದರೂ ಇವನು 'ಲೇಯಿ' ಬಿಟ್ಟಿರಲಿಲ್ಲ. ಇವನು ತನ್ನನ್ನು ದೂರ ಇಡುತ್ತಿದ್ದಾನೆ, ತನ್ನ ಜೊತೆ ಕೆಲಸ ಮಾಡಲು ಮನಸ್ಸಿಲ್ಲವೆಂದು ಬಗೆದು, ಆಕೆ ಇವನನ್ನು ಬೇರೆ ತಂಡಕ್ಕೆ ಕಳಿಸಲು ಹೊರಟಿದ್ದರು.

"ಒಮ್ಮೆ ಹೇಳಿಬಿಡು ಮಾರಾಯ," ಎಂದೆ.

"ಅಮ್ಮನ ಪ್ರಾಯದವರಿಗೆ ನೀನು ಅನ್ಲಿಕ್ಕೆ ಬಾಯಿ ಬರುವುದಿಲ್ಲ ಮಾವ. ನೀವಾದ್ರೆ ಹೇಳ್ತಿದ್ರಾ?"

"ನನ್ನನ್ನು ಎಂತಕ್ಕೆ ಕೇಳ್ತಿ? ಬೇರೆ ತಂಡಕ್ಕೆ ಹೋಗುವವ ನೀನು."

ಅಷ್ಟರಲ್ಲಿ ಆಕೆ ಕಾಫಿ ಹಿಡಿದು ಬಂದರು. ದಿನಕರ ತಟ್ಟನೆ ಎದ್ದು, ಕಾಲರಿನ ಗುಂಡಿ ಹಾಕಿ, ಕೈಕಟ್ಟಿ, ತಲೆ ತಗ್ಗಿಸಿ 'ತು' ಎಂದ. ಆಕೆ ಭುಜ ಒತ್ತಿ ಅವನನ್ನು ಕೂರಿಸಿ, ನಗುತ್ತಾ ಏನೋ ಹೇಳಿದರು.

"ಎಂತ ಅಂದ್ರು?"

"ಇಲ್ಲೇ ಇರ್ಲಿಕ್ಕೆ ಹೇಳಿದ್ರು ಮಾವ. ಇನ್ನು ಎದ್ದು ನಿಲ್ಲುವುದನ್ನೂ ಬಿಡ್ಬೇಕಂತೆ," ಎನ್ನುತ್ತಾ ದಿನಕರ ಆಕೆಗೆ ಕುರ್ಚಿ ಎಳೆದುಕೊಡಲು ಎದ್ದ.