ಬಲಮೂಲೆಯಲ್ಲಿದ್ದ ದೊಡ್ಡಮ್ಮ

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಮಸೂರ ಬರೆದು, ಬೆಳಕು ಹೇಗೆ ಬಾಗುತ್ತದೆ, ಬಿಂಬ ಎಲ್ಲಿ ಬೀಳುತ್ತದೆ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಆದ್ದರಿಂದ ಈಗ ಹೇಳಲಿರುವ ತಪ್ಪು ಗೊತ್ತಿಲ್ಲದೆ ಆದದ್ದು ಎಂದು ಜಾರಿಕೊಳ್ಳುವ ದಾರಿ ನನಗಿಲ್ಲ.

ಹೋದ ವರ್ಷ ಫಳ್ನೀರಿನ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡೆ. ಫುಲ್ ಫ್ರೇಮ್. ಅಂದರೆ ಚಿತ್ರ ಬೀಳುವ ಸೆನ್ಸರ್ ನನ್ನ ಹಳೆಯ ಕ್ಯಾಮೆರಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೊಡ್ಡದು. ಹಳೆಯದರ ವೈಡ್ ಲೆನ್ಸನ್ನು ಅಲ್ಲೇ ಅದಕ್ಕೆ ತಿರುಗಿಸಿದೆ. ಟಕ್ಕೆಂದು ಕೂತಿತು.

“ಕೂರ್ತದೆ ಸರ್, ತೊಂದರೆ ಇಲ್ಲ,” ಎಂದರು ಅಂಗಡಿಯವರು. “ಸಣ್ಣ ಸೆನ್ಸರಿನ ಲೆನ್ಸ್ ಅಂತ ಗೊತ್ತಾದ ಕೂಡ್ಲೆ ಕ್ಯಾಮೆರಾ ತನ್ನಷ್ಟಕ್ಕೇ ನಡುವಿನ ಭಾಗ ಮಾತ್ರ ತೆಗೀತದೆ. ಆ ಸೆಟ್ಟಿಂಗ್ ಉಂಟಲ್ಲ, ಅದನ್ನೊಂದು ಮುಟ್ಬೇಡಿ.”

ಮನೆಗೆ ಬಂದವನೇ ಮುಟ್ಟಿದೆ, ಅದನ್ನು ಆಫ್ ಮಾಡಿದೆ. ದೊಡ್ಡ ಸೆನ್ಸರ್ ಕೊಂಡು ಅರ್ಧ ಮಾತ್ರ ಬಳಸುವುದೆಂದರೆ ನನಗೆ ಅವಮಾನ. ಲೆನ್ಸ್ ದುಂಡಗಿರುವುದರಿಂದ ಅದು ಚೆಲ್ಲುವ ಬೆಳಕೂ ದುಂಡಗೆ ಬೀಳುತ್ತದೆ. ಸಣ್ಣ ಸೆನ್ಸರಿನ ಲೆನ್ಸ್ ಸಣ್ಣ ವೃತ್ತವನ್ನೇ ಚೆಲ್ಲುತ್ತದೆ. ಒಂದೇ ಕೊಡೆಯಡಿ ಇಡೀ ಸಂಸಾರ ನಿಂತರೆ ಅಂಚಿನವರು ಒದ್ದೆಯಾಗುವ ಹಾಗೆ, ದೊಡ್ಡ ಸೆನ್ಸರಿನ ನಾಲ್ಕು ಮೂಲೆಗಳಿಗೆ ಬೆಳಕು ಸಾಲುವುದಿಲ್ಲ. ಇದನ್ನು ಮಕ್ಕಳಿಗೆ ಚಿತ್ರ ಬರೆದು ವಿವರಿಸಬಲ್ಲೆ. ಆದರೂ ಮುಟ್ಟಿದೆ.

ಅದೇ ವಾರ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ತಂಗಿಯ ಮಗುವಿಗೆ ನಾಮಕರಣ. ಹಾಲ್ ಸಣ್ಣದು, ಜನ ಮೂವತ್ತು. ಹೋಮ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ದೊಡ್ಡಮ್ಮನನ್ನು ಅಡುಗೆಮನೆಯಿಂದ ಎಳೆದುಕೊಂಡೇ ಬರಬೇಕಾಯಿತು. ಅವರು ನನ್ನ ತಾಯಿಯ ಅಕ್ಕ, ಮದುವೆಯಾಗದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ನಮ್ಮ ಜತೆಗೇ ಇರುವವರು. ಯಾರ ಶ್ರಾದ್ಧ ಯಾವ ತಿಥಿಗೆ, ಯಾವ ಮಗುವಿನ ನಕ್ಷತ್ರ ಯಾವುದು ಎಂದು ನೆಂಟರೆಲ್ಲ ಅವರಿಗೇ ಫೋನ್ ಮಾಡುತ್ತಾರೆ. ನಮ್ಮಂಥ ಅರ್ಚಕರ ಮನೆತನದಲ್ಲಿ ಅದೇನು ಸಣ್ಣ ಮರ್ಯಾದೆಯಲ್ಲ. ಫೋಟೋ ಎಂದರೆ ಮಾತ್ರ ಅವರಿಗೆ ಒಲೆಯ ಮೇಲೆ ಏನಾದರೊಂದು ನೆನಪಾಗುತ್ತದೆ.

ಅಂದು ನಿಂತರು, ಹಿಂದಿನ ಸಾಲಿನ ಬಲತುದಿಯಲ್ಲಿ. ಕ್ಯಾಮೆರಾದ ಕಿಂಡಿಯಲ್ಲಿ ಮೂಲೆಗಳು ಮಂಕಾಗಿ ಕಂಡದ್ದು ನಿಜ. ಕರ್ಟನ್ ಎಳೆದದ್ದಕ್ಕಿರಬೇಕು ಎಂದುಕೊಂಡು ಟೈಮರ್ ಒತ್ತಿ ಓಡಿಹೋಗಿ ನಡುವೆ ಕೂತೆ.

ಎಲ್ಲರೂ ಹೋದ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ನಾಲ್ಕೂ ಮೂಲೆ ಕಪ್ಪು. ಮೂರರಲ್ಲಿ ಗೋಡೆ, ನೆಲ, ಕುರ್ಚಿಯ ಕಾಲು. ನಾಲ್ಕನೆಯದರಲ್ಲಿ ದೊಡ್ಡಮ್ಮ. ಮೇಷ್ಟ್ರ ಮಾನ ಉಳಿಯಬೇಕಲ್ಲ, ಅಂಚುಗಳನ್ನು ಕತ್ತರಿಸಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಯಾರೋ ಕೇಳಿದರು, ದೊಡ್ಡಮ್ಮ ಎಲ್ಲಿ?

“ಯಾವತ್ತಿನ ಹಾಗೆ, ಕ್ಲಿಕ್ ಆಗುವಾಗ ಅಡುಗೆಮನೆಗೆ ಓಟ,” ಎಂದು ಬರೆದೆ. ನಗುವ ಮುಖಗಳು ಸಾಲುಗಟ್ಟಿ ಬಂದವು. ಫೋಟೋಗೆ ದೊಡ್ಡಮ್ಮನ ಪಕ್ಕದಲ್ಲೇ ನಿಂತಿದ್ದ ಅತ್ತೆ ಕೂಡ, “ನನ್ನ ಹತ್ರ ಇದ್ದ ಹಾಗೆ ಉಂಟು, ಯಾವಾಗ ಹೋದ್ರೋ,” ಎಂದು ಬರೆದರು.

ಅಮ್ಮನ ಮೊಬೈಲಿನಲ್ಲಿ ದೊಡ್ಡಮ್ಮ ಅದನ್ನು ಓದಿದರು. ನಗಲಿಲ್ಲ.

“ನಾನು ಹೋದದ್ದಾ?” ಎಂದು ನನ್ನನ್ನು ಕೇಳಿದರು. “ನಿಂತಿದ್ದೆನಲ್ಲ ಮಗಾ. ನಿನ್ನ ಅತ್ತೆಯ ಸೆರಗು ನನ್ನ ಕೈಗೆ ತಾಗ್ತಾ ಇತ್ತು.”

ಆಗಲೇ ಹೇಳಬಹುದಿತ್ತು. “ಫೋಟೋದಲ್ಲಿ ಇಲ್ಲವಲ್ಲ ದೊಡ್ಡಮ್ಮ,” ಎಂದೆ. ಇಂದಿಗೂ ಆ ಮಾತು ನೆನಪಾದರೆ ನನಗೆ ನನ್ನ ಮೇಲೆಯೇ ಹೇಸಿಗೆ.

ಎರಡು ವಾರ ಅವರು ಆ ವಿಷಯ ಎತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ, ಮರೆವಿಗೆ ಡಾಕ್ಟರನ್ನು ನೋಡಬೇಕು, ಕರೆದುಕೊಂಡು ಹೋಗು ಎಂದರು. ಫಳ್ನೀರಿನ ಕ್ಲಿನಿಕ್ಕಿನಲ್ಲಿ ಡಾಕ್ಟರು ತಾರೀಕು ಕೇಳಿದರು, ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಿಸಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ದೊಡ್ಡಮ್ಮ ನನಗಿಂತ ಬೇಗ ಕಳೆದರು.

“ನಿಮಗೆ ಎಂತದೂ ಇಲ್ಲ ಅಮ್ಮ.”

“ಹಾಗಾದ್ರೆ ಫೋಟೋ?” ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಸಕ್ಕರೆ ಕಾಯಿಲೆಯ ಪೋಸ್ಟರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದೆ.

ಆಮೇಲೆ ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅವರು ಗ್ಯಾಸ್ ಹಚ್ಚುವುದನ್ನು ಬಿಟ್ಟರು. ತಿಥಿ ಕೇಳಲು ಫೋನ್ ಮಾಡಿದವರಿಗೆ, “ಪುರೋಹಿತರನ್ನೇ ಕೇಳಿ, ನನ್ನನ್ನು ನಂಬಬೇಡಿ,” ಎನ್ನತೊಡಗಿದರು. ಅದು ನನ್ನ ಕಿವಿಗೆ ಬಿದ್ದದ್ದು ಒಂದು ಶನಿವಾರ. ಮರುದಿನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದು, ಮೂಲ ಫೋಟೋದ ಆ ಕಪ್ಪು ಮೂಲೆಯನ್ನು ಆದಷ್ಟು ಬೆಳಗಿಸಿ, ಅವರ ಮುಂದೆ ಇಟ್ಟೆ. ಅರ್ಧ ಮುಖ, ಕನ್ನಡಕದ ಒಂದು ಗಾಜು, ಹಸಿರು ಸೀರೆಯ ಅಂಚು. ಲೆನ್ಸ್, ಸೆನ್ಸರ್, ಕತ್ತರಿಸಿದ್ದು, ಸುಳ್ಳು ಬರೆದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

“ಚೆಂದ ಮಾಡಿದ್ದಿ ಮಗಾ. ಈಗ ಕಂಪ್ಯೂಟರಿನಲ್ಲಿ ಇಲ್ಲದವರನ್ನೂ ಸೇರಿಸ್ಲಿಕ್ಕೆ ಆಗ್ತದಂತಲ್ಲ.”

“ಅಲ್ಲ ದೊಡ್ಡಮ್ಮ, ನೀವು ಇದ್ದದ್ದೇ. ದೇವರಾಣೆ.”

“ಆಣೆ ಎಲ್ಲ ಹಾಕ್ಬೇಡ ಮಾರಾಯ,” ಎಂದು ನನ್ನ ಬೆನ್ನು ಸವರಿದರು. “ನನ್ನ ಸಮಾಧಾನಕ್ಕೆ ಇಷ್ಟೆಲ್ಲ ಮಾಡಿದ್ದಿ, ಅಷ್ಟೂ ಗೊತ್ತಾಗುದಿಲ್ವ ನನಗೆ? ಅವತ್ತೇ ಹೇಳಿದ್ದಿಯಲ್ಲ ನಾನು ಇರ್ಲಿಲ್ಲ ಅಂತ. ಸಣ್ಣವನಿದ್ದಾಗಿಂದ ನೀನು ನನ್ನ ಹತ್ರ ಸುಳ್ಳು ಹೇಳಿದವನಲ್ಲ. ಅದು ಮಾತ್ರ ನನಗೆ ಸರಿಯಾಗಿ ನೆನಪುಂಟು.”