ಮೂರನೇ ಕಪ್ ಕಾಫಿಗೆ ಬಾಯಿಬಿಡುವ ಇಂಟರ್‌ನೆಟ್

ಗುರುವಾರ, ಬೆಳಗಿನ ಆರೂವರೆ. ಸರೋವರದ ಮಂಜುಗಡ್ಡೆಗೆ ಈಗಷ್ಟೇ ಕೆಂಪು ಹತ್ತುತ್ತಿದೆ. ನಮ್ಮ ಗ್ರಾನ್‌ವೀಕೆನ್ ಊರಿನ ತಿರುವಿನಲ್ಲಿರುವ ಹಸಿರು ಕಬ್ಬಿಣದ ಪೆಟ್ಟಿಗೆಯ ಮುಂದೆ ಮಾಯ್ವೋರ್ ಬೆರ್ಗ್‌ಲಿಂಡ್ ಮಂಡಿಯೂರಿ ಕೂತಿದ್ದಾರೆ. ಒಂದು ಕೈಯಲ್ಲಿ ಹಿಮ ಗುಡಿಸುವ ಬ್ರಷ್, ಇನ್ನೊಂದರಲ್ಲಿ ಟಾರ್ಚು. ಪೆಟ್ಟಿಗೆಯೊಳಗೆ ಮುನ್ನೂರ ಹನ್ನೆರಡು ಪುಟ್ಟ ದೀಪಗಳು, ಮನೆಗೊಂದರಂತೆ. ಹಸಿರಿದ್ದರೆ ತಂತಿ ಸರಿಯಿದೆ, ಮಿನುಗಿದರೆ ಮನೆಯವರು ಎದ್ದು ಇಂಟರ್‌ನೆಟ್ ಹಚ್ಚಿದ್ದಾರೆ. ಮಾಯ್ವೋರ್ ಪ್ರತಿಯೊಂದನ್ನೂ ಮನೆಯವರ ಹೆಸರು ಹಿಡಿದೇ ನೋಡುತ್ತಾರೆ.

"ಗುನ್ನೆಲ್ ಎದ್ದವ್ಳೆ. ಪಾದ್ರಮ್ಮ ಇನ್ನೂ ಮಲಗಿದಾಳೆ. ರೂನೆ... ಅರೆ, ರೂನೆದೂ ಹಸಿರೇ ಇದೆಯಲ್ಲ! ಮತ್ಯಾಕೆ ನಿನ್ನೆಯಿಂದ ಬಾಯಿ ಬಡ್ಕೋತಿದಾನೆ ಇವನು?"

ಹತ್ತು ವರ್ಷದ ಹಿಂದೆ ಊರವರೇ ಸೇರಿ ನಲವತ್ತೊಂದು ಕಿಲೋಮೀಟರ್ ಕಾಲುವೆ ತೋಡಿ ಫೈಬರ್ ಕೇಬಲ್ ಹೂತರು. ಗುದ್ದಲಿ ಹಿಡಿದು ನಿಂತವರ ಫೋಟೊ ಸಮುದಾಯ ಭವನದ ಗೋಡೆಯ ಮೇಲಿದೆ. ಅದರಲ್ಲಿ ಮಾಯ್ವೋರ್ ಇಲ್ಲ. ಫೋಟೊ ತೆಗೆದವರೇ ಅವರು. ಅದೇ ವರ್ಷ ಅಂಚೆ ಕಚೇರಿ ಮುಚ್ಚಿತು. ಇಪ್ಪತ್ತೆರಡು ವರ್ಷ ಮನೆಮನೆಗೆ ಕಾಗದ ಹಂಚಿದ್ದ ಮಾಯ್ವೋರ್ ಕೈಗೆ ಊರಿನ ಫೈಬರ್ ಸಂಘದವರು ಒಂದು ಫೋನ್ ಕೊಟ್ಟು, ದೂರು ಬಂದರೆ ಸ್ವಲ್ಪ ದಿನ ನೋಡಿಕೋ ಎಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಈಗ ಅವರಿಗೆ ಅರವತ್ತೊಂದು. ದಿನಕ್ಕೆ ಒಂಬತ್ತೋ ಹತ್ತೋ ಕರೆ ಬರುತ್ತವೆ, ಹಿಮಗಾಳಿ ಎದ್ದರೆ ಮೂವತ್ತು. ಅರ್ಧಕ್ಕರ್ಧ ದೂರುಗಳಿಗೆ ಕಾರಣ, ಕಸ ಹೀರುವ ಯಂತ್ರ ಹಚ್ಚಲು ಯಾರೋ ಕಿತ್ತಿಟ್ಟ ಪ್ಲಗ್ಗು. ಉಳಿದರ್ಧಕ್ಕೆ ಮಾಯ್ವೋರ್ ಹೊರಗೆ ಹೋಗಲೇಬೇಕು. ಕೂದಲಿನಷ್ಟು ತೆಳ್ಳಗಿನ ಫೈಬರ್ ಎಳೆ ಕೈಗವಸಿಗೆ ಸಿಗುವುದಿಲ್ಲ. ಮೈನಸ್ ಮೂವತ್ತರಲ್ಲೂ ಬರಿಗೈಯಲ್ಲಿ ಜೋಡಿಸಿ ಜೋಡಿಸಿ ಅವರ ಎಡಗೈಯ ಎರಡು ಬೆರಳ ತುದಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಕೇಳಿದರೆ ನಗುತ್ತಾರೆ. "ಅಂಚೆ ತಡವಾದ್ರೆ ಜನ ಹಿಮಾನ ಬೈತಿದ್ರು. ಇಂಟರ್‌ನೆಟ್ ತಡವಾದ್ರೆ ನೇರ ನನ್ನನ್ನೇ!"

ರೂನೆ ಮನೆಗೆ ನಾನೂ ಅವರ ಜೊತೆ ಹೊರಟೆ. ಎಪ್ಪತ್ತಮೂರರ ರೂನೆ ಮೂವತ್ತು ವರ್ಷ ನಮ್ಮ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿದವರು. ಕಳೆದ ಶರತ್ಕಾಲದಲ್ಲಿ ಎರಡು ಸಲ ತಲೆಸುತ್ತಿ ಬಿದ್ದದ್ದೇ ನೆಪ, ಡಾಕ್ಟರು ಡ್ರೈವಿಂಗ್ ಲೈಸೆನ್ಸ್ ಕಿತ್ತುಕೊಂಡರು. ಈಗ ಅವರು ಓಡಿಸುವುದು ಕಂಪ್ಯೂಟರಿನೊಳಗಿನ ರ‍್ಯಾಲಿ ಕಾರನ್ನು ಮಾತ್ರ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆಟ್ಟದಾಚೆಯ ನಾರ್ವೆ ಊರಿನ ಪಿಂಚಣಿದಾರರ ಮೇಲೆ ನಮ್ಮ ಪಿಂಚಣಿದಾರರ ಪಂದ್ಯ. ಸೋತ ಊರು ಗೆದ್ದ ಊರಿಗೆ ಮಾರ್ಚ್ ಕೊನೆಯ ದೋಸೆಹಬ್ಬದ ದಿನ ವಾಫೆಲ್ ಎಂಬ ಚೌಕುಳಿ ಅಚ್ಚಿನ ದೋಸೆ ಹೊಯ್ದು ಬಡಿಸಬೇಕು. ಕೊನೆಯ ಸುತ್ತು ರೂನೆಯದು. ಆದರೆ ಮೂರು ದಿನದಿಂದ ಅವರ ಕಾರು ಪರದೆಯ ಮೇಲೆ ಕಪ್ಪೆಯಂತೆ ಕುಪ್ಪಳಿಸುತ್ತಿದೆ.

"ಶುಕ್ರವಾರದೊಳಗೆ ಸರಿ ಹೋಗ್ದಿದ್ರೆ ನನ್ ಜಾಗಕ್ಕೆ ಸ್ಟೂರೇನ ಕೂರಿಸ್ತಾಳಂತೆ ಗುನ್ನೆಲ್," ಎಂದರು ರೂನೆ, ಬಾಗಿಲಲ್ಲೇ. ಗುನ್ನೆಲ್ ನಮ್ಮ ತಂಡದ ನಾಯಕಿ. "ಸ್ಟೂರೆ ಕಣೇ! ಅವನು ನಿಂತ ಟ್ರ್ಯಾಕ್ಟರ್‌ನೂ ಹಳ್ಳಕ್ಕೆ ಇಳಿಸಿದೋನು. ಲಾರಿ ಹೋಯ್ತು, ಕಾರು ಹೋಯ್ತು. ನಂಗುಳಿದಿರೋ ರಸ್ತೆ ಇದೊಂದೇ."

"ಹೊಸದಾಗೇನು ಮಾಡ್ದೆ?"

"ಏನೂ ಮಾಡಿಲ್ಲ ಮಾರಾಯ್ತಿ."

ಮಾಯ್ವೋರ್ ಕೋಟು ಬಿಚ್ಚಿ ಕೂತರು. ನಮ್ಮೂರಿನ ಕೆಟ್ಟ ಇಂಟರ್‌ನೆಟ್ಟೆಲ್ಲ ಶುರುವಾಗುವುದು ಇದೇ "ಏನೂ ಮಾಡಿಲ್ಲ"ದಿಂದ. ಅದಕ್ಕೆ ಅವರ ಬಳಿ ಒಂದೇ ಮದ್ದು, ಕಾಫಿ. ಮೊದಲ ಕಪ್ಪಿಗೆ ಜನ ಹವಾಮಾನ ಹೇಳುತ್ತಾರೆ. ಎರಡನೆಯದು ‘ಪೋತೋರ್’, ಅದಕ್ಕೆ ನೆರೆಯವರ ಸುದ್ದಿ. ಮೂರನೆಯದು ‘ತ್ರೇತೋರ್’. ಸತ್ಯ ಹೊರಬರುವುದು ತ್ರೇತೋರ್‌ಗೆ. ಪೊಲೀಸರಿಗೂ ಇದು ಗೊತ್ತಿದ್ದರೆ ಚೆನ್ನಾಗಿತ್ತು.

ಕಾಫಿ ಕುಡಿಯುತ್ತಲೇ ಮಾಯ್ವೋರ್ ಕೆಲಸವನ್ನೂ ನಡೆಸಿದ್ದರು. ಕೇಬಲ್ ಮನೆಯೊಳಗೆ ಬರುವ ಗೋಡೆಯ ಪೆಟ್ಟಿಗೆ ಸರಿ ಇತ್ತು. ಅದರಿಂದ ನೇರ ತಮ್ಮ ಲ್ಯಾಪ್‌ಟಾಪಿಗೆ ತಂತಿ ಹಚ್ಚಿ ವೇಗ ಅಳೆದರು: ಸೆಕೆಂಡಿಗೆ ಇನ್ನೂರ ನಲವತ್ತು ಮೆಗಾಬಿಟ್. ಅದೇ ತಂತಿಯನ್ನು ರೂನೆಯ ಕಂಪ್ಯೂಟರಿಗೆ ಹಚ್ಚಿದರು: ಆರು. ಹಾಗಾದರೆ ರೋಗ ಕಂಪ್ಯೂಟರಿನೊಳಗೇ ಇದೆ. ಅವರು ಮೂರನೇ ಕಪ್ ಸುರಿದರು.

"ಒಂದ್ ಸಣ್ಣದು... ವಿಪಿಎನ್ ಅಂತ ಹಾಕ್ಕೊಂಡೆ," ಎಂದರು ರೂನೆ, ಕಪ್ಪಿಗೆ ಹೇಳುವವರಂತೆ. "ಪೆಟ್ರೋಲ್ ಬಂಕಲ್ಲಿ ಸ್ಟೂರೆ ಹೇಳ್ದ. ಅದಿದ್ರೆ ಕಾರು ಬೆಣ್ಣೇಲಿ ಜಾರ್ದಂಗೆ ಹೋಗುತ್ತಂತೆ."

"ಸ್ಟೂರೆ ಹೇಳ್ದ!"

"ಹೂಂ. ಯಾವ ಊರಿನ ಮೇಲೆ ಹೋಗ್ಬೇಕು ಅಂತ ಕೇಳ್ತು. ಹತ್ರದ್ದೇ ಇರ್ಲಿ ಅಂತ ಓಸ್ಟರ್‌ಸುಂಡ್ ಒತ್ತಿದೀನಿ. ನಲವತ್ತೇ ನಿಮಿಷದ ದಾರಿ. ನನ್ನನ್ನೇನು ದಡ್ಡ ಅಂದ್ಕೊಂಡ್ಯಾ?"

ಮಾಯ್ವೋರ್ ಪರದೆ ನೋಡಿದರು. ಕಣ್ಣಿಗೆ ಕಾಣಲೆಂದು ರೂನೆ ಅಕ್ಷರಗಳನ್ನು ಹಿಗ್ಗಾಮುಗ್ಗಾ ದೊಡ್ಡದು ಮಾಡಿಟ್ಟಿದ್ದರು. ಚೌಕದಲ್ಲಿ ಹಿಡಿಸಿದ್ದು ‘ಓಸ್ಟ್’ ಅಷ್ಟೇ, ಮುಂದೆ ಮೂರು ಚುಕ್ಕಿ. ಮಾಯ್ವೋರ್ ಅಕ್ಷರವನ್ನು ಚಿಕ್ಕದು ಮಾಡಿದರು. ಹೆಸರು ಪೂರ್ತಿ ಕಾಣಿಸಿತು: ‘ಓಸ್ಟ್‌ತಿಮೋರ್’. ಅಂದರೆ ಪೂರ್ವ ತಿಮೋರ್. ಆಸ್ಟ್ರೇಲಿಯಾದ ನೆತ್ತಿಯ ಮೇಲಿರುವ ದ್ವೀಪ.

ರೂನೆ ಮೂಗು ಪರದೆಗೆ ತಾಗುವಷ್ಟು ಬಗ್ಗಿ ಓದಿದರು. ಆಮೇಲೆ ಮಾಯ್ವೋರ್ ನಗಲು ಶುರು ಮಾಡಿದರು ನೋಡಿ, ಕಪ್ಪು ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ರೂನೆಗೂ ತಡೆಯಲಾಗಲಿಲ್ಲ. ನಾನಂತೂ ಹೊಟ್ಟೆ ಹಿಡಿದುಕೊಂಡೆ.

"ಲೋ, ಪಕ್ಕದ್ಮನೆ ಗುನ್ನೆಲ್‌ಗೆ ಕಾಗದ ಬರ್ದು ಭೂಮಿ ಆ ತುದಿಗೆ ಕಳಿಸ್ತಿದ್ಯಲ್ಲೋ! ಅಲ್ಲಿಂದ ಅವ್ರು ಲಕೋಟೆ ಬದಲಾಯ್ಸಿ ವಾಪಸ್ ಇಲ್ಲಿಗೆ ಕಳಿಸ್ಬೇಕು. ನೀನು ಸ್ಟೀರಿಂಗ್ ತಿರುಗಿಸಿದ್ದು ಕಾರಿಗೆ ಗೊತ್ತಾಗೋ ಹೊತ್ಗೆ ಮರಕ್ಕೆ ಗುದ್ದಾಗಿರುತ್ತೆ."

"ಹಾಗಾದ್ರೆ ಕಿತ್ ಬಿಸಾಕು."

"ಬ್ಯಾಡ. ಹೋಟ್ಲು, ರೈಲ್ವೇ ಸ್ಟೇಷನ್ನಿನ ಬಿಟ್ಟಿ ವೈಫೈಲಿ ಬ್ಯಾಂಕ್ ಕೆಲ್ಸ ಮಾಡೋವಾಗ ಯಾರೂ ಕದ್ದು ನೋಡ್ದಂಗೆ ಕಾಯುತ್ತೆ, ಇರ್ಲಿ. ಆಟ ಮಾತ್ರ ನೇರ ಹೋಗ್ಲಿ."

ಅವರು ವಿಪಿಎನ್ ಅನ್ನು ಸ್ಟಾಕ್‌ಹೋಮಿಗೆ ತಿರುಗಿಸಿದರು. ಅದರ ಪಟ್ಟಿಯಲ್ಲಿ ಓಸ್ಟರ್‌ಸುಂಡ್ ಇರಲೇ ಇಲ್ಲ. ಆಮೇಲೆ ರ‍್ಯಾಲಿ ಆಟವನ್ನು ಮಾತ್ರ ಅದರಿಂದ ಹೊರಗಿಡುವಂತೆ ಗುರುತು ಹಾಕಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರು. ಸಂಕೇತ ಹೋಗಿ ಬರಲು ಮುನ್ನೂರ ತೊಂಬತ್ತು ಮಿಲಿಸೆಕೆಂಡು ಹಿಡಿಯುತ್ತಿದ್ದುದು ಈಗ ಹದಿನಾಲ್ಕು. ಪರದೆಯ ಮೇಲೆ ಕಾರು ಹಿಮದ ತಿರುವಿನಲ್ಲಿ ಸುಯ್ಯನೆ ಜಾರಿತು. ರೂನೆ ಸ್ಟೀರಿಂಗ್ ಬಿಡಲೇ ಇಲ್ಲ. ನಮಗೆ ಹೋಗಿಬನ್ನಿ ಎನ್ನುವುದನ್ನೂ ಮರೆತರು.

ಶನಿವಾರ ಹನ್ನೊಂದಕ್ಕೆ ಸಮುದಾಯ ಭವನದ ದೊಡ್ಡ ಪರದೆಯ ಮುಂದೆ ಊರಿಗೆ ಊರೇ ಸೇರಿದೆ. ನಾಲ್ಕು ಸುತ್ತು ಮುಗಿದು ಎರಡು–ಎರಡು. ಕೊನೆಯ ಸುತ್ತಿಗೆ ರೂನೆ ತಮ್ಮ ಹಳೆಯ ಕೆಲಸದ ಟೋಪಿ ಹಾಕಿಕೊಂಡೇ ಮನೆಯಲ್ಲಿ ಕೂತಿದ್ದಾರಂತೆ. ಆರು ನಿಮಿಷ ಯಾರಿಗೂ ಉಸಿರಿಲ್ಲ. ಅರ್ಧ ಸೆಕೆಂಡಿನಿಂದ ರೂನೆ ಗೆದ್ದಾಗ ಸ್ಟೂರೆ ಬೆಂಚಿನ ಮೇಲೆ ಹತ್ತಿ, "ವಿಪಿಎನ್ ಐಡಿಯಾ ಕೊಟ್ಟಿದ್ದು ನಾನೇ!" ಎಂದು ಕೂಗಿದ. ಗುನ್ನೆಲ್ ಅವನ ಕೋಟು ಹಿಡಿದು ಕೆಳಗೆಳೆದರು.

ಈ ಗದ್ದಲದಲ್ಲಿ ಮಾಯ್ವೋರ್ ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ ತಿರುವಿನ ಹಸಿರು ಪೆಟ್ಟಿಗೆಯ ಹತ್ತಿರ ಸ್ಟೂಲು ಹಾಕಿಕೊಂಡು, ಬ್ರಷ್ ಹಿಡಿದು ಕೂತಿದ್ದರು. ಪಂದ್ಯ ಮುಗಿಯುವವರೆಗೂ ರೂನೆಯ ದೀಪ ಕಾಯುತ್ತಿದ್ದರಂತೆ. ಗೆದ್ದ ಸುದ್ದಿ ಹೇಳಿದೆ. "ಗೊತ್ತಾಯ್ತು, ಕೂಗಿದ್ದು ಇಲ್ಲೀವರ್ಗೂ ಕೇಳಿಸ್ತು," ಎಂದರು.

ರೂನೆಗಾಗಿ ಇಷ್ಟೊಂದು ಯಾಕೆ ಎಂದು ಕೇಳಿದೆ. ಅವರು ಪೆಟ್ಟಿಗೆಯ ಮೇಲಿನ ಹಿಮವನ್ನು ನಿಧಾನವಾಗಿ ಗುಡಿಸಿದರು.

"ಇಪ್ಪತ್ತೆರಡು ವರ್ಷ ನನ್ನ ಅಂಚೆ ಗಾಡಿಗಿಂತ ಮುಂಚೆ ಎದ್ದು ಅವ್ನು ದಾರಿ ಮಾಡಿರ್ತಿದ್ದ. ಒಂದಿನಾನೂ ನಾನು ಹಿಮದಲ್ಲಿ ಸಿಕ್ಕಾಕ್ಕೊಳ್ಲಿಲ್ಲ. ನಾನೂ ಒಂದ್ಸಲ ಅವನ ದಾರಿ ಗುಡಿಸ್ದೆ, ಅಷ್ಟೇ."