ಗಂಟೆಮನೆಯ ಮೊದಲ ಹಿರಿಯ

ಕೇರಳದಲ್ಲಿ ಯಾವ ಅರ್ಜಿ ತುಂಬಿಸಿದರೂ ಮನೆ ಹೆಸರು ಬರೆಯಬೇಕು. ಬಂದ್ಯೋಡಿನ ನಮ್ಮ ಮನೆಗೆ ಗಂಟೆಮನೆ ಎಂದು ಹೆಸರು. ಗೋವೆಯಿಂದ ಮಂಗಳೂರಿಗೆ, ಅಲ್ಲಿಂದ ಈ ಕಡೆಗೆ ಬಂದ ನಮ್ಮ ಮೊದಲ ಹಿರಿಯ ಇಗರ್ಜಿಯಲ್ಲಿ ಗಂಟೆ ಬಾರಿಸುತ್ತಿದ್ದನೆಂದು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಹೆಮ್ಮೆಯಿಂದ ಹೇಳುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ, ಟೀಚರ್ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನನಗೆ ಆ ಹಿರಿಯನ ಕತೆ ಬರೆದಿಡುವ ಹುಮ್ಮಸ್ಸು ಬಂತು. ಇಗರ್ಜಿಯ ಪಾದ್ರಿಗಳು ಹಳೆಯ ಪುಸ್ತಕ ಬಿಡಿಸಿ, ಬೆರಳಿಟ್ಟು ಓದಿದರು.

"ಗಂಟೆಯ ವಿಷಯ ಎಂತದ್ದೂ ಇಲ್ಲ. ಎಣ್ಮಕಜೆಯಲ್ಲಿ ಗೇಣಿಗೆ ಇದ್ದ ಅಂತ ಉಂಟು. ಧಣಿಗಳ ಮನೆ ಹೆಸರೂ ಉಂಟು."

ಅತ್ತೆ ನಂಬಲಿಲ್ಲ. ಮರುದಿನ ಇಬ್ಬರೂ ಎಣ್ಮಕಜೆಯ ಬಸ್ಸು ಹತ್ತಿದೆವು. ಕೇಳುತ್ತ ಕೇಳುತ್ತ ಆ ಮನೆ ಸಿಕ್ಕಿತು. ಜಗಲಿಯಲ್ಲಿ ಒಬ್ಬ ಅಜ್ಜಿ ಗೇರುಹಣ್ಣಿನಿಂದ ಬೀಜ ತಿರುಚಿ ತೆಗೆಯುತ್ತಿದ್ದರು. ನಾವು ನಮ್ಮ ಮನೆ ಹೆಸರು ಹೇಳಿದ್ದೇ ಅವರ ಕೈ ನಿಂತಿತು.

"ಗಂಟೆಯ ಪೊರ್ಬುಗಳ ಕಡೆಯವರಾ? ಆ ಎಮ್ಮೆಯವರು?" ಈ ಕಡೆ ಕ್ರೈಸ್ತರಿಗೆ ಪೊರ್ಬುಗಳು ಎನ್ನುತ್ತಾರೆ.

"ಎಂತ ಎಮ್ಮೆ?" ಅತ್ತೆಯ ಸ್ವರ ಸ್ವಲ್ಪ ಬಿರುಸಾಯಿತು.

"ನಿಮ್ಮ ಹಿರಿಯ ಒಂದು ಎಮ್ಮೆ ಹೊಡ್ಕೊಂಡು ಬಂದದ್ದಲ್ಲವಾ ಬಾಯಮ್ಮ. ಅದು ಕಂಡವರ ಗದ್ದೆಗೆಲ್ಲ ನುಗ್ತಿತ್ತಂತೆ. ಜನ ಬೈದು ಬೈದು, ಕಡೆಗೆ ಅವ ಅದರ ಕುತ್ತಿಗೆಗೆ ಇಷ್ಟು ದೊಡ್ಡ ಗಂಟೆ ಕಟ್ಟಿದ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಅಂಗಳದ ಕಡೆ ಮುಖ ತಿರುಗಿಸಿದರು. ಅಜ್ಜಿಗೆ ಅವರ ಮುಖ ಅರ್ಥವಾಗಿರಬೇಕು. ಕೈ ಒರೆಸಿಕೊಂಡು ಹತ್ತಿರ ಬಂದು ಕೂತರು.

"ನನ್ನ ಗಂಡನ ಅಜ್ಜ ಹುಟ್ಟುವಾಗಲೇ ಅವರ ತಾಯಿ ತೀರಿಹೋದರು. ನಿಮ್ಮ ಹಿರಿಯ ದಿನಾ ಬೆಳಿಗ್ಗೆ ಹಾಲು ತಂದು ಇದೇ ಜಗಲಿಯಲ್ಲಿ ಇಟ್ಟು ಹೋಗ್ತಿದ್ದನಂತೆ. ಮಗು ಉಳಿದದ್ದು ಅದರಲ್ಲಿ. ಆ ಎಮ್ಮೆ ಇಲ್ಲದಿದ್ರೆ ಈ ಮನೆಯಲ್ಲಿ ಯಾರಿದ್ದರು, ಹೇಳಿ?"

ಅತ್ತೆ ಅಜ್ಜಿಯ ಕಡೆ ತಿರುಗಿ ಮೆಲ್ಲಗೆ, "ಎಮ್ಮೆಗೆ ಎಂತ ಹೆಸರಿಟ್ಟಿದ್ದರಂತೆ?" ಎಂದು ಕೇಳಿದರು. ಅಜ್ಜಿಗೆ ಅದು ಗೊತ್ತಿರಲಿಲ್ಲ. ಇಬ್ಬರೂ ಸೇರಿ ನಕ್ಕರು. ಊಟ ಮಾಡದೆ ಹೊರಡಲು ಆ ಮನೆಯವರು ಬಿಡಲಿಲ್ಲ.

ಆ ವರ್ಷದ ಕ್ರಿಸ್ಮಸ್ಸಿಗೆ ಅತ್ತೆ ಕುಸ್ವಾರ್ ತಿಂಡಿಯ ಡಬ್ಬ ಹಿಡಿದು ಒಬ್ಬರೇ ಎಣ್ಮಕಜೆಗೆ ಹೋದರು. ಸಂಜೆ ಮರಳಿ ಬರುವಾಗ ಒಂದು ಚೀಲ ಗೆಣಸಿನ ಜೊತೆಗೆ ಆ ಮನೆಯ ಸೊಸೆಯಂದಿರ ತವರೂರು, ಅಜ್ಜಿಯ ಮೊಣಕಾಲು ನೋವು, ಮೊಮ್ಮಗಳ ಹತ್ತನೇ ಕ್ಲಾಸಿನ ಮಾರ್ಕು, ಎಲ್ಲ ಸುದ್ದಿಯನ್ನೂ ಹೊತ್ತು ತಂದಿದ್ದರು.